ಸಿನಿಮಾದಲ್ಲಿ ಪೊಲೀಸರಿಗಿಂತ ಖಾಸಗಿ ಪತ್ತೇದಾರನೇ ನಮಗೆ ಯಾಕೆ ಹತ್ತಿರ ಅನ್ನಿಸುತ್ತಾನೆ?

ಅವನ ಕೈಯಲ್ಲಿ ಅಧಿಕಾರ ಇಲ್ಲ, ಅದಕ್ಕೆ. ಪೊಲೀಸರು ಠಾಣೆಗೆ ಕರೆಸಬಹುದು, ಮನೆ ಶೋಧಿಸಬಹುದು, ಬಂಧಿಸಬಹುದು. ಭಾರತದಲ್ಲಿ ಖಾಸಗಿ ಪತ್ತೇದಾರನಿಗೆ ಅಂಥ ವಿಶೇಷ ಅಧಿಕಾರ ಯಾವುದೂ ಇಲ್ಲ. ಈ ವೃತ್ತಿಗೆ ಲೈಸೆನ್ಸ್ ಕೊಡುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾನೂನು ಆಗಲೇ ಇಲ್ಲ. ಹಾಗಾಗಿ ಅವನು ಕೇಳಬೇಕು, ಕಾಯಬೇಕು, ನೋಡಿದ್ದನ್ನು ನೆನಪಿಟ್ಟು ಜೋಡಿಸಬೇಕು. ಸೀಟಿನಲ್ಲಿ ಕೂತ ನಮ್ಮ ಕೈಯಲ್ಲೂ ಅಷ್ಟೇ ಆಗೋದು, ಅಲ್ವಾ?

ಒಳ್ಳೆಯ ನಿರ್ದೇಶಕರು ಇದನ್ನೇ ಬಳಸಿಕೊಳ್ಳುತ್ತಾರೆ. ಕ್ಯಾಮೆರಾ ಅವನ ಹಿಂದೆಯೇ ಬಾಗಿಲು ದಾಟುತ್ತದೆ. ಅವನ ಕಣ್ಣಿಗೆ ಬಿದ್ದ ಸುಳಿವು ಆಗಲೇ ನಮಗೂ ಸಿಗುತ್ತದೆ. ಬೆಂಗಳೂರಿನ ಥಿಯೇಟರುಗಳಲ್ಲಿ ಇಂಟರ್‌ವಲ್ ಹೊತ್ತಿಗೆ ಕಾಫಿ ಕೌಂಟರ್ ಮುಂದೆ ‘ಆ ಮ್ಯಾನೇಜರೇ ಮಾಡಿರೋದು ನೋಡ್ತಿರು’ ಅಂತ ವಾದ ಶುರುವಾಗುವುದು ಇದರಿಂದಲೇ. ದೊಡ್ಡ ಹೀರೋ ಎಂಟ್ರಿಗೆ ಬೀಳುವ ಶಿಳ್ಳೆಗಿಂತ ಈ ಪಿಸುಮಾತು ನನಗೆ ಜಾಸ್ತಿ ಇಷ್ಟ.

ಸುಳಿವು ಮುಚ್ಚಿಟ್ಟರೆ ಮಾತ್ರ ಜನ ಕ್ಷಮಿಸುವುದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ, ಅಲ್ಲಿವರೆಗೂ ಹೆಸರೇ ಕೇಳದ ಅವಳಿ ತಮ್ಮನನ್ನು ಸುಮ್ನೆ ತಂದು ನಿಲ್ಲಿಸಿ ಇವನೇ ಕೊಲೆಗಾರ ಅಂದರೆ, ಎರಡು ಗಂಟೆ ತಲೆ ಓಡಿಸಿದವರಿಗೆ ಮೋಸವಾದಂತೆ ಅನ್ನಿಸುತ್ತದೆ.