ಫೈಲ್ ಕೆಟ್ಟಿಲ್ಲ, ಫಾರ್ಮ್ಯಾಟ್ ಹೊಡೆಸಬೇಡಿ

ಪ್ರಶ್ನೆ: ನಮ್ಮ ಸಂಘದ ನೋಟಿಸನ್ನು ಡಿಟಿಪಿ ಸೆಂಟರ್‌ನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆವು. ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ವೈರಸ್ ಇದೆ, ಫಾರ್ಮ್ಯಾಟ್ ಮಾಡಿಸಿ ಅಂತಾರೆ ರಿಪೇರಿಯವರು. ಏನು ಮಾಡಲಿ? (ರಾಜಾಜಿನಗರ)

ಉತ್ತರ: ಮೊದಲು ಆ ರಿಪೇರಿಯವರನ್ನು ಬಿಡಿ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ, ಆದರೂ ಫಾರ್ಮ್ಯಾಟ್ ಹೊಡೆಸಿ ಮಕ್ಕಳ ಫೋಟೋ ಕಳೆದುಕೊಂಡವರ ಪತ್ರ ಬರುವುದು ನಿಂತಿಲ್ಲ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ‘ಕ’ ಅಂದರೆ ಅಲ್ಲಿ ಒಂದು ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟಿರುವ ‘ಎ’. ಆ ಗೀಟಿನ ‘ಎ’ ನಮ್ಮ ತಲೆಕಟ್ಟು. ‘ನ’ಕ್ಕೆ ಪೌಂಡ್ ಚಿಹ್ನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿತು. ಸುಮ್ನೆ ಓದಿ ಪ್ರಿಂಟ್ ತೆಗೆಯಬೇಕಾದರೆ ಅದೇ ಫಾಂಟನ್ನು ಹಾಕಿಕೊಳ್ಳಿ, ಇಲ್ಲವೇ ಸೆಂಟರ್‌ನವರಿಂದ ಪಿಡಿಎಫ್ ತರಿಸಿ.

ಆದರೆ ನೋಟಿಸ್ ಅಂದಮೇಲೆ ವಾಟ್ಸಾಪ್ ಗ್ರೂಪಿಗೂ ಹೋಗಬೇಕು, ಅಲ್ವಾ? ಅಲ್ಲಿ ನುಡಿ ಫಾಂಟು ಹಾಕಲು ಜಾಗವಿಲ್ಲ, ಪೇಸ್ಟ್ ಮಾಡಿದರೆ ಮತ್ತೆ ಅದೇ ಪಿ, ಪೌಂಡು. ಯೂನಿಕೋಡಿಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ವ್ಯವಸ್ಥೆಗೆ, ಬದಲಾಯಿಸಲೇಬೇಕು. ನುಡಿಯ ಹೊಸ ಆವೃತ್ತಿಗಳಲ್ಲೇ ಪರಿವರ್ತಕ ಇದೆ. ಮೂಲ ಫೈಲನ್ನು ಮುಟ್ಟದೆ ಒಂದು ಪ್ರತಿ ಮಾಡಿ ಅದನ್ನು ಬದಲಾಯಿಸಿ. ಆಸ್ತಿ ಪತ್ರ, ಸಂಬಳದ ಪಟ್ಟಿ ಇಂಥದ್ದನ್ನೆಲ್ಲ ಗೊತ್ತಿಲ್ಲದ ಜಾಲತಾಣಗಳ ಪರಿವರ್ತಕಕ್ಕೆ ಹಾಕಬೇಡಿ. ನಾನಂತೂ ಹಾಕುವುದಿಲ್ಲ.

ಬದಲಾಯಿಸಿದ ಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು ಮೊದಲು ನೋಡಿ. ಹಳೆಯ ಫಾಂಟಿನಲ್ಲಿ ‘ವರ್ಷ’ ಬರೆಯುವಾಗ ವ, ಷ ಆದಮೇಲೆ ಅರ್ಕಾವತ್ತು ಬರುತ್ತದೆ. ಯೂನಿಕೋಡಿನಲ್ಲಿ ‘ರ್’ ಷಕ್ಕಿಂತ ಮುಂಚೆ ಇರಬೇಕು. ಕಳಪೆ ಪರಿವರ್ತಕ ಇಲ್ಲೇ ಎಡವುತ್ತದೆ. ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡಬಹುದು, ಇಮೇಲ್ ವಿಳಾಸ, ವಾಹನದ ನಂಬರು ಎಲ್ಲ ಕೆಡುವುದು ಹೀಗೆ.

ಇನ್ನು ಮುಂದೆ ಸೆಂಟರ್‌ನವರಿಗೆ ಒಂದೇ ಮಾತು ಹೇಳಿ: ಯೂನಿಕೋಡಿನಲ್ಲೇ ಟೈಪ್ ಮಾಡಿ. ಕೀಲಿಮಣೆ ಬದಲಾಯಿಸಬೇಕಾಗುತ್ತದೆ ಅಂತ ಅವರು ರಾಗ ಎಳೆದರೆ ನಂಬಬೇಡಿ. ನುಡಿಯಲ್ಲಿ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಬರುತ್ತದೆ.

ಪ್ರಶ್ನೆ: ಎಕ್ಸೆಲ್‌ನಲ್ಲಿ 16 ಅಂಕಿಯ ಖಾತೆ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ. (ಯಶವಂತಪುರ)

ಉತ್ತರ: ಅದು 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. ಟೈಪ್ ಮಾಡುವ ಮುಂಚೆ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿ. ಹೋದ ಅಂಕಿ ವಾಪಸ್ ಬರುವುದಿಲ್ಲ, ಪಾಸ್‌ಬುಕ್ ನೋಡಿ ಮತ್ತೆ ಹಾಕಿ. ಆ ಪಟ್ಟಿ ನೋಡಿಕೊಂಡು ಈಗಾಗಲೇ ದುಡ್ಡು ಕಳಿಸಿಲ್ಲ ತಾನೇ?

ಪ್ರಶ್ನೆ: ವರ್ಡ್‌ನಲ್ಲಿ ಟೇಬಲ್ ಆದಮೇಲೆ ಒಂದು ಖಾಲಿ ಪುಟ, ಅಳಿಸಿದರೂ ಹೋಗುವುದಿಲ್ಲ. (ಜಯನಗರ)

ಉತ್ತರ: ಟೇಬಲ್ ಕೆಳಗಿನ ಖಾಲಿ ಸಾಲನ್ನು ವರ್ಡ್ ಬಿಟ್ಟುಕೊಡುವುದಿಲ್ಲ. ಅದರ ಫಾಂಟ್ ಸೈಜ್ 1 ಮಾಡಿ.

ಪ್ರಶ್ನೆ: ಆಗಾಗ ರಿಫ್ರೆಶ್ ಒತ್ತುತ್ತಿದ್ದರೆ ಕಂಪ್ಯೂಟರ್ ವೇಗ ಆಗುತ್ತದಂತೆ, ನಿಜವೇ?

ಉತ್ತರ: ಇಲ್ಲ. ಪರದೆಯ ಮೇಲಿನ ಐಕಾನುಗಳು ಮತ್ತೆ ಮೂಡುತ್ತವೆ, ಅಷ್ಟೇ.