23.976 ಟೈಮ್‌ಲೈನ್‌ನಿಂದ 29.97 ಡೆಕ್‌ಗೆ: ಪ್ರತಿಕ್ರಿಯೆ

ಎಡಿಟಿಂಗ್ ಟೈಮ್‌ಲೈನ್ ಸೆಕೆಂಡಿಗೆ 23.976 ಫ್ರೇಮ್, ಡೆಕ್ (ಟೇಪ್‌ಗೆ ರೆಕಾರ್ಡ್ ಮಾಡುವ ಯಂತ್ರ) 29.97, ರೆಕಾರ್ಡಿಂಗ್ ನಡುವೆಯೇ ನಿಂತುಹೋಗುತ್ತದೆ ಅಂದಿದ್ದೀರಿ. ಟೇಪ್ ಬದಲಿಸಿ ಪ್ರಯೋಜನವಿಲ್ಲ. ಡೆಕ್‌ಗೆ ಹೋಗುತ್ತಿರುವ ಸಿಗ್ನಲ್ಲೇ ಅದರ ವೇಗಕ್ಕೆ ಹೊಂದುತ್ತಿಲ್ಲ.

ಹಾಗಂತ ಟೈಮ್‌ಲೈನನ್ನೇ 29.97ಕ್ಕೆ ಬದಲಿಸಬೇಡಿ, ಕಟ್‌ಗಳು ಒಂದೊಂದು ಫ್ರೇಮ್ ಆಚೀಚೆ ಆಗುತ್ತವೆ. ವಿಡಿಯೊ ಕಾರ್ಡ್‌ನ ಔಟ್‌ಪುಟ್ಟನ್ನು 29.97 ಇಂಟರ್‌ಲೇಸ್ಡ್‌ಗೆ (ಪ್ರತಿ ಫ್ರೇಮ್ ಎರಡು ಫೀಲ್ಡ್‌ಗಳಾಗಿ, ಅಂದರೆ ಬೆಸ ಗೆರೆಗಳು, ಸಮ ಗೆರೆಗಳು ಎಂದು ಬೇರೆಯಾಗಿ ಹೋಗುವ ವಿಧಾನ) ಇಟ್ಟು 2:3 ಪುಲ್‌ಡೌನ್ ಆನ್ ಮಾಡಿ; ಇದು ಫ್ರೇಮ್‌ಗಳನ್ನು ಸರದಿಯಂತೆ 2, 3 ಫೀಲ್ಡ್‌ಗಳಾಗಿ ಹರಡುತ್ತದೆ. ಪ್ರತಿ 4 ಫ್ರೇಮ್ 10 ಫೀಲ್ಡ್ ಆಗಿ, ಅಂದರೆ 5 ಫ್ರೇಮ್ ಆಗಿ ಹೊರಬರುತ್ತದೆ. ಅವಧಿ ಬದಲಾಗುವುದಿಲ್ಲ, ಆಡಿಯೊ ಜಾರುವುದಿಲ್ಲ. ಟೈಮ್‌ಲೈನ್ ನಿಜಕ್ಕೂ 24.00 ಆಗಿದ್ದರೆ ಮಾತು ಬೇರೆ: ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ. ಮೊದಲು ಚಿತ್ರ, ಧ್ವನಿ ಎರಡನ್ನೂ 0.1% ನಿಧಾನಗೊಳಿಸಬೇಕು. ಸೆಟ್ಟಿಂಗ್ ಸರಿಯಾಗಿ ನೋಡಿ, ಕೆಲವು ಸಾಫ್ಟ್‌ವೇರ್‌ಗಳು 23.976 ಅನ್ನೂ ಬರೀ 24 ಎಂದೇ ತೋರಿಸುತ್ತವೆ.

ಕಾರ್ಡ್‌ಗೂ ಡೆಕ್‌ಗೂ ಒಂದೇ ಸಿಂಕ್ ಜನರೇಟರ್‌ನಿಂದ ಬ್ಲ್ಯಾಕ್ ಬರ್ಸ್ಟ್ (ಎರಡೂ ಯಂತ್ರಗಳನ್ನು ಒಂದೇ ತಾಳಕ್ಕೆ ಕಟ್ಟಿಡುವ ಸಿಗ್ನಲ್) ಕೊಡಿ. ಆ ಕೇಬಲ್ ಸಾಲಿನ ಕೊನೆಯಲ್ಲಿ, ಸಿಗ್ನಲ್ ಹಿಂದಕ್ಕೆ ಪ್ರತಿಫಲಿಸದಂತೆ, 75 ಓಮ್ ಟರ್ಮಿನೇಟರ್ ಇರಲಿ. ಇದಿಲ್ಲದೆ ಮೇಲಿನದೆಲ್ಲ ಸರಿಯಿದ್ದರೂ ಡೆಕ್ ಸಿಗ್ನಲ್ ಜೊತೆಗಿನ ಲಾಕ್ (ಹೊಂದಾಣಿಕೆ) ತಪ್ಪಬಹುದು.

ಟೈಮ್‌ಕೋಡ್‌ನ (ಪ್ರತಿ ಫ್ರೇಮ್‌ಗೆ ಕೊಡುವ ಸಮಯದ ಸಂಖ್ಯೆ) ಡ್ರಾಪ್ ಫ್ರೇಮ್ ಆಯ್ಕೆ ಔಟ್‌ಪುಟ್, ಡೆಕ್ ಎರಡೂ ಕಡೆ ಒಂದೇ ಇರಬೇಕು. ಅದರಲ್ಲಿ ಬಿಟ್ಟುಹೋಗುವುದು ಚಿತ್ರವಲ್ಲ, ನಿಮಿಷಕ್ಕೆ 2 ಟೈಮ್‌ಕೋಡ್ ಸಂಖ್ಯೆ ಅಷ್ಟೇ, ಅದೂ ಪ್ರತಿ ಹತ್ತನೇ ನಿಮಿಷ ಬಿಟ್ಟು. ಇನ್ಸರ್ಟ್ ಎಡಿಟ್ (ಟೇಪ್‌ನಲ್ಲಿ ಈಗಾಗಲೇ ಇರುವ ಟೈಮ್‌ಕೋಡ್ ಉಳಿಸಿಕೊಂಡು ಚಿತ್ರ, ಧ್ವನಿ ಮಾತ್ರ ಸೇರಿಸುವುದು) ಮಾಡುವುದಾದರೆ ಟೇಪನ್ನು ಮೊದಲೇ ಇದೇ ಆಯ್ಕೆಯಲ್ಲಿ ಬ್ಲ್ಯಾಕ್ ಮಾಡಿಟ್ಟುಕೊಳ್ಳಿ, ಅಂದರೆ ಕಪ್ಪು ಚಿತ್ರವನ್ನೂ ಟೈಮ್‌ಕೋಡನ್ನೂ ಉದ್ದಕ್ಕೂ ರೆಕಾರ್ಡ್ ಮಾಡಿಡಿ.