ಆರ್‌ಬಿ67 ಹೊರುವ ಟ್ರೈಪಾಡ್ ಯಾವುದು?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮಾಮಿಯಾ ಆರ್‌ಬಿ67 ಫಿಲ್ಮ್ ಕ್ಯಾಮೆರಾ ತೊಗೊಂಡೆ ಸಾರ್. ಹಳೇ ಟ್ರೈಪಾಡಿನ ಬಾಲ್ ಹೆಡ್ (ಕ್ಯಾಮೆರಾ ಕೂರುವ, ಗುಂಡಿನ ಮೇಲೆ ತಿರುಗುವ ತಲೆ) ಎಷ್ಟು ಬಿಗಿ ಮಾಡಿದರೂ ಕ್ಯಾಮೆರಾ ಮೆಲ್ಲಗೆ ಮುಂದಕ್ಕೆ ಬಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಕ್ಯಾಮೆರಾ 90 ಎಂಎಂ ಲೆನ್ಸ್ ಸೇರಿ ಎರಡೂವರೆ ಕಿಲೋ ದಾಟುತ್ತದೆ. ಹತ್ತಿರದ ಫೋಕಸ್‌ಗೆ ಬೆಲ್ಲೋಸ್ (ಲೆನ್ಸ್ ಹಿಂದಿನ ಮಡಿಕೆ ಚೀಲ) ಚಾಚಿದಷ್ಟೂ ಭಾರ ಮುಂದಕ್ಕೆ ಬೀಳುತ್ತದೆ. ಸಣ್ಣ ಬಾಲ್ ಹೆಡ್ ಅದನ್ನು ತಡೆಯುವುದಿಲ್ಲ. ಪ್ಯಾನ್-ಟಿಲ್ಟ್ ಹೆಡ್ ತೊಗೊಳ್ಳಿ. ಅದರಲ್ಲಿ ದಿಕ್ಕಿಗೊಂದು ಹಿಡಿಕೆ ಇರುತ್ತದೆ, ಒಂದನ್ನು ಸಡಿಲಿಸಿದರೆ ಇನ್ನೊಂದು ದಿಕ್ಕು ಕದಲುವುದಿಲ್ಲ. ಆರ್‌ಬಿಯಲ್ಲಿ ಫಿಲ್ಮ್ ಬ್ಯಾಕೇ (ಫಿಲ್ಮ್ ಇರುವ ಹಿಂಬದಿಯ ಪೆಟ್ಟಿಗೆ) ತಿರುಗುತ್ತದಲ್ವಾ, ಹಾಗಾಗಿ ನಿಲುವಿನ ಚಿತ್ರಕ್ಕೂ ಕ್ಯಾಮೆರಾ ವಾಲಿಸುವ ಕೆಲಸವಿಲ್ಲ.

ಎತ್ತರಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಮೇಲಿಂದ ಬಗ್ಗಿ ನೋಡುವ ಫೈಂಡರ್‌ಗೆ ಎದೆಮಟ್ಟ ಸಾಕು. ಕಾಲುಗಳು ದಪ್ಪ ಇರಲಿ, ನಡುವಿನ ಕಂಬ ಎತ್ತಬೇಡಿ.

ಕ್ಯಾಮೆರಾವನ್ನು ಹೆಡ್‌ಗೆ ಕೂರಿಸುವ ಪ್ಲೇಟ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಳೇಬೀಡಿನಲ್ಲಿ ಒಂದು ಬೆಳಗ್ಗೆ ಫಿಲ್ಮ್ ಅಡ್ವಾನ್ಸ್ ಮಾಡುವಾಗ ಕ್ಯಾಮೆರಾ ಸ್ಕ್ರೂ ಸುತ್ತಲೇ ತಿರುಗಿಬಿಟ್ಟಿತು. ಬಿಚ್ಚಿ ನೋಡಿದರೆ ಪ್ಲೇಟಿನ ಕಾರ್ಕ್ ಸವೆದು ನುಣ್ಣಗಾಗಿತ್ತು. ಈಗ ಹೆಡ್‌ನ ಹಿಡಿಕೆಯೊಳಗೆ ಜಾರಿಸಿ ಬಿಗಿ ಮಾಡುವ ಆರ್ಕಾ ಮಾದರಿಯ ಉದ್ದ ಪ್ಲೇಟ್ ಬಳಸುತ್ತೇನೆ. ಅದಕ್ಕೆ ಅಂಚಿನಲ್ಲಿ ತಡೆ ಇದೆ, ಮೇಲೆ ರಬ್ಬರ್ ಇದೆ. ಉದ್ದ ಇರುವುದರಿಂದ ಹಿಂದೆ ಮುಂದೆ ಜಾರಿಸಿ ಭಾರ ಸರಿದೂಗಿಸಬಹುದು. ಕೊಳ್ಳುವ ಮುಂಚೆ ಕ್ಯಾಮೆರಾ ತಳದ ಸ್ಕ್ರೂ ತೂತು 1/4 ಇಂಚೋ 3/8 ಇಂಚೋ ನೋಡಿಕೊಳ್ಳಿ. ಸ್ಕ್ರೂ ಅನ್ನು ಬೆರಳಿನಿಂದಲ್ಲ, ನಾಣ್ಯದಿಂದ ಬಿಗಿ ಮಾಡಿ.

ಇನ್ನೊಂದು ಮಾತು. ಕ್ಲಿಕ್ಕಿಸುವಾಗ ಕ್ಯಾಮೆರಾ ಒಳಗಿನ ಆ ದೊಡ್ಡ ಕನ್ನಡಿ ಮೇಲೇಳುವಾಗ ಒಳ್ಳೆಯ ಟ್ರೈಪಾಡೂ ನಡುಗುತ್ತದೆ. ಲೆನ್ಸಿಗೆ ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಕ್ಲಿಕ್ಕಿಸುವ ತಂತಿ) ಹಾಕಿ, ಮೊದಲು ಕನ್ನಡಿ ಎತ್ತಿ, ಎರಡು ಸೆಕೆಂಡ್ ಬಿಟ್ಟು ಕ್ಲಿಕ್ಕಿಸಿ.